ರೊಟವೇಟರ್ ಶಾಫ್ಟಿನ ಕ್ರಾಸ್ 40 ತಾಸಿಗೇ ಮತ್ತೆ ಲೂಸ್: ತಪ್ಪು ಕ್ರಾಸಿನದೋ, ಶಾಫ್ಟಿನದೋ?

ದಾಳಿಂಬಿ ಸಾಲು (ಕುಷ್ಟಗಿ)

24 ಎಚ್‌ಪಿ ಮಿನಿ ಟ್ರ್ಯಾಕ್ಟರ್, ನಾಲ್ಕೂ ಗಾಲಿ ಡ್ರೈವ್, ಹಿಂದೆ 1 ಮೀಟರ್ ರೊಟವೇಟರ್. ದಾಳಿಂಬೆ ಸಾಲಿನ ನಡುವೆ ಅಷ್ಟೇ ಕೆಲಸ, ಮಸಾರಿ ಭೂಮಿ. ಪಿಟಿಒ ಶಾಫ್ಟ್ (ಟ್ರ್ಯಾಕ್ಟರಿನ ತಿರುಗುವ ಬಲವನ್ನು ರೊಟವೇಟರಿಗೆ ಒಯ್ಯುವುದು) ಚೌಕ ಪೈಪಿನೊಳಗೆ ಚೌಕ ಸರಳು ಜಾರುವ ನಮೂನೆ. ಕ್ರಾಸಿನ (ಶಾಫ್ಟಿನ ತುದಿಯ ಕೀಲಿನಲ್ಲಿ ಕೂರುವ ನಾಲ್ಕು ಕಾಲಿನ ತುಂಡು) ಅಳತೆ 23.8 × 61.3 ಮಿ.ಮೀ.

ಮೊದಲಿನ ಕ್ರಾಸ್ ಮೂರು ಹಂಗಾಮು ಬಂತು. ಆಮೇಲೆ ವರ್ಕ್‌ಶಾಪಿನಲ್ಲಿ ಎರಡೂ ಕಡೆ ಹೊಸ ಕ್ರಾಸ್ ಹಾಕಿಸಿದ್ದು. 40 ತಾಸು ಓಡಿಲ್ಲ, ಟ್ರ್ಯಾಕ್ಟರ್ ಕಡೆಯ ಕ್ರಾಸ್ ಮತ್ತೆ ಲೂಸ್. ಒಂದು ಕಪ್ಪಿನ (ಕ್ರಾಸಿನ ಕಾಲಿಗೆ ಹಾಕುವ ಬೇರಿಂಗ್ ಬಟ್ಟಲು) ಸುತ್ತ ಇಟ್ಟಂಗಿ ಪುಡಿಯಂತ ಕೆಂಪು ಧೂಳು ಕೂತಿದೆ. ಸಾಲು ಮುಗಿದು ತಿರುಗಿಸಲು ರೊಟವೇಟರ್ ಎತ್ತಿದಾಗ ಗಡಗಡ ಸದ್ದು. ಕೆಲಸದಲ್ಲಿದ್ದಾಗಲೂ ಸೀಟಿನವರೆಗೆ ನಡುಕ ಬರ್ತದೆ, ಮೊದಲು ಇರಲಿಲ್ಲ. ಕ್ಲಚ್ ಬಿಟ್ಟ ಕೂಡಲೇ ‘ಟಕ್’ ಅಂತದೆ. ಗ್ರೀಸ್ ವಾರಕ್ಕೊಮ್ಮೆ.

ಬರೀ ಕ್ರಾಸ್ ಮತ್ತೆ ಹಾಕಿದರೆ ಸಾಕಾ, ಇಡೀ ಶಾಫ್ಟ್ ತೆಗೆದುಕೊಳ್ಳಬೇಕಾ? ಟ್ರ್ಯಾಕ್ಟರಿನ ಪಿಟಿಒ ಗೂಟವೇ (ಶಾಫ್ಟ್ ಸಿಗಿಸುವ ಹಲ್ಲಿನ ತುದಿ) ಸವೆದಿರಬಹುದಾ?

ಎರಿ ಹೊಲ (ಸಿಂಧನೂರು)

ಖರೀದಿಗೆ ಹೋಗುವ ಮುಂಚೆ ಲೂಸ್ ಎಲ್ಲಿದೆ ಅಂತ ಹುಡುಕಿ. ‘ಟಕ್’ ಅನ್ನೋ ಸದ್ದು ಐದು ಜಾಗದಿಂದ ಬರಬಹುದು: ಗೂಟದ ಹಲ್ಲು, ಮೊದಲ ಕ್ರಾಸ್, ಜಾರುವ ಪೈಪು, ಎರಡನೇ ಕ್ರಾಸ್, ರೊಟವೇಟರ್ ಗೇರ್‌ಬಾಕ್ಸಿನ ಮೂತಿ (ಶಾಫ್ಟ್ ಹತ್ತುವ ತುದಿ).

ರೊಟವೇಟರ್ ನೆಲಕ್ಕೆ ಇಳಿಸಿ, ಎಂಜಿನ್ ಬಂದ್, ಕೀಲಿ ಜೇಬಿಗೆ. ಪಿಟಿಒ ಲಿವರನ್ನು 540ಕ್ಕೆ (ನಿಮಿಷಕ್ಕೆ 540 ಸುತ್ತಿನ ಗೇರ್) ಹಾಕಿ, ಆಗ ಗೂಟ ಹಿಡಿದು ನಿಲ್ಲುತ್ತದೆ. ಪ್ಲಾಸ್ಟಿಕ್ ಗಾರ್ಡ್ ಸರಿಸಿ ಶಾಫ್ಟನ್ನು ಎರಡೂ ಕೈಲಿ ಹಿಡಿದು ಹಿಂದೆ ಮುಂದೆ ತಿರುವಿ. ಗೂಟವೇ ಎರಡು ಮೂರು ಡಿಗ್ರಿ ಆಡಿದರೆ ಗಾಬರಿ ಬೇಡ, ಅದು ಒಳಗಿನ ಗೇರುಗಳ ನಡುವಿನ ಸಂದು. ಗೂಟ ನಿಂತಿದ್ದು ಯೋಕ್ (ಕ್ರಾಸನ್ನು ಎರಡು ಕಿವಿಯಲ್ಲಿ ಹಿಡಿಯುವ ಕವಲು) ಮಾತ್ರ ಆಡಿದರೆ ಹಲ್ಲು ಸವೆದಿದೆ. ಯೋಕ್ ನಿಂತು ಶಾಫ್ಟ್ ಆಡಿದರೆ ಕ್ರಾಸ್. ಕಣ್ಣಿಗೆ ಕಾಣದಷ್ಟು ಸಣ್ಣ ಲೂಸ್ ಇದ್ದರೆ ಕಪ್ಪು ಮತ್ತು ಯೋಕಿನ ಕಿವಿ ಸೇರುವ ಗೆರೆ ಮೇಲೆ ಹೆಬ್ಬೆರಳು ಇಡಿ, ಇನ್ನೊಬ್ಬರು ಶಾಫ್ಟ್ ತಿರುವಲಿ. ಉಗುರಿಗೆ ಗೊತ್ತಾಗುತ್ತದೆ. ಕಪ್ಪು ಕಿವಿಯೊಳಗೇ ಅಲುಗುತ್ತಿದ್ದರೆ ಕ್ರಾಸ್ ಎಷ್ಟು ಸಲ ಬದಲಿಸಿದರೂ ಅಷ್ಟೇ, ಯೋಕಿನ ತೂತು ಅಂಡಾಕಾರ ಆಗಿದೆ ಅಂತ ಅರ್ಥ.

ಗೇರ್‌ಬಾಕ್ಸಿನ ಮೂತಿಯನ್ನೂ ಮೇಲೆ ಕೆಳಗೆ ಎತ್ತಿ ನೋಡಿ. ಅಲ್ಲಿ ಆಟವಿದ್ದು ಸೀಲಿನಿಂದ ಎಣ್ಣೆ ಜಿನುಗುತ್ತಿದ್ದರೆ ಒಳಗಿನ ಬೇರಿಂಗ್ ಹೋಗಿದೆ. ಅದನ್ನು ಬಿಟ್ಟು ಶಾಫ್ಟ್ ರಿಪೇರಿ ಮಾಡಿ ಪ್ರಯೋಜನವಿಲ್ಲ.

ಕೆಂಪು ಧೂಳು ಮಸಾರಿ ಮಣ್ಣಲ್ಲ, ತುಕ್ಕು. ಗ್ರೀಸ್ ಇಲ್ಲದ ಕಡೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದಾಗ ಬರುವ ಪುಡಿ. ಹಳೇ ಕ್ರಾಸ್ ಬಿಚ್ಚಿದ ಮೇಲೆ ಎಸೀಬೇಡಿ, ಅದರ ಕಾಲು ಒರೆಸಿ ನೋಡಿ. ಬಾಚಣಿಗೆ ಎಳೆದಂತೆ ಸಾಲು ಗೆರೆ ಬಿದ್ದಿದ್ದರೆ ಏಟು ಹೊಡೆತ ಹೆಚ್ಚಾಗಿ ಕಪ್ಪಿನೊಳಗಿನ ಬೇರಿಂಗ್ ಸೂಜಿಗಳು ಕಾಲಿನೊಳಗೆ ಒತ್ತಿವೆ. ನೀಲಿ ಬಣ್ಣ ತಿರುಗಿದ್ದರೆ ಒಣಗಿ ಕಾದಿದೆ. ಕಾಲಿನ ತುದಿ ಒಂದೇ ಕಡೆ ಸವೆದಿದ್ದರೆ ಯೋಕಿನ ಕಿವಿ ಬಾಗಿದೆ. ನಮ್ಮ ಕಡೆ ಗದ್ದೆ ಕೆಸರಲ್ಲಿ ಓಡುವ ಶಾಫ್ಟುಗಳಲ್ಲಿ ಕಾಣುವುದು ಬೇರೆ: ಸೀಲು ದಾಟಿ ನೀರು ಹೋಗಿ ಕಪ್ಪು ಕಲೆ, ಚುಕ್ಕಿ ಚುಕ್ಕಿ ಗುಳಿ. ನಿಮ್ಮದು ಒಣ ತೋಟ, ಅದಿರಲಿಕ್ಕಿಲ್ಲ.

ವಾರಕ್ಕೊಮ್ಮೆ ಗ್ರೀಸ್ ಸಾಲದು. ಕೆಲಸದ 8 ತಾಸಿಗೊಮ್ಮೆ.

ಕೆಸರು ಗಾಲಿ (ಮಾನ್ವಿ)

ಸದ್ದು ಪಿಟಿಒ ಶಾಫ್ಟಿಂದೇ ಅಂತ ಖಾತ್ರಿ ಏನ್ರಿ? ನಾಲ್ಕು ಗಾಲಿ ಡ್ರೈವ್ ಅಂದ್ರ ಹೊಟ್ಟಿ ಕೆಳಗ ಮುಂದಿನ ಆಕ್ಸಲ್‌ಗೆ ಹೋಗೋ ಇನ್ನೊಂದು ಶಾಫ್ಟ್ ಅದ. ಸಾಲು ತಿರುಗಿಸುವಾಗ ಗಡಗಡ ಅನ್ನೋದು ಅದರ ಲಕ್ಷಣನೂ ಹೌದು. ಪಿಟಿಒ ಬಂದ್ ಮಾಡಿ, ರೊಟವೇಟರ್ ಎತ್ತಿ, ನಾಲ್ಕು ಗಾಲಿ ಲಿವರ್ ಹಾಕಿ ಮೆತ್ತನ ನೆಲದಾಗ ಸಣ್ಣ ಸುತ್ತು ತಿರುಗಿಸ್ರಿ. ಆಮ್ಯಾಲ ಲಿವರ್ ತೆಗೆದು ಅದ ಸುತ್ತು. ಹಾಕಿದಾಗಷ್ಟೇ ಸದ್ದು ಬಂದ್ರ ಮುಂದಿನ ಶಾಫ್ಟಿನ ಹಲ್ಲಿನ ತೋಳು (ತುದಿ ಕೂಡಿಸೋ ಕೊಳವಿ) ನೋಡ್ರಿ. ಮುಚ್ಚಿರೋ ಪೈಪಿನ ಕ್ಲಿಪ್ ಬಿಚ್ಚಿ ಪೈಪು ಸರಿಸಿದ್ರ ತೋಳು ಕಾಣ್ತದ, ಅದರ ಸ್ಪ್ರಿಂಗ್ ಪಿನ್ ಬಡಿದು ತೆಗೆದ್ರ ಹಿಂದಕ್ಕ ಜಾರ್ತದ.

ಅದು ಸವೆಯೋ ಕಾರಣ ಹೆಚ್ಚಾಗಿ ಡ್ರೈವರಂದು. ಮುಂದಿನ ಗಾಲಿ ಹಿಂದಿನದಕ್ಕಿಂತ ತುಸು ಜೋರು ತಿರುಗೋ ಹಂಗ ಗೇರ್ ಲೆಕ್ಕ ಇರ್ತದ. ಮಣ್ಣಾಗ ಆ ವ್ಯತ್ಯಾಸ ಗಾಲಿ ಜಾರಿ ಸರಿ ಹೋಗ್ತದ. ಡಾಂಬರ್ ಮ್ಯಾಲ ನಾಲ್ಕು ಗಾಲಿ ಹಾಕ್ಕೊಂಡು ಹೋದ್ರ ಜಾರಲಿಕ್ಕೆ ಜಾಗ ಇಲ್ಲ, ಶಾಫ್ಟ್ ಹಗ್ಗ ಹೊಸೆದಂಗ ಬಿಗೀತದ. ಲಿವರ್ ತೆಗೀಲಿಕ್ಕ ಬರದಿದ್ರ ಅದ ಗುರುತು. ನಾಲ್ಕು ಹೆಜ್ಜಿ ಹಿಂದ ಓಡಿಸಿದ್ರ ಬಿಡ್ತದ. ಮುಂದಿನ ಟೈರ್ ಬ್ಯಾರೆ ಸೈಜ್ ಹಾಕಿದ್ರೂ ಇದ ಗತಿ.

ತುಂಗಾ ದಂಡೆ (ಸಿರುಗುಪ್ಪ)

ಮೊದಲಿನ ಕ್ರಾಸ್ ಮೂರು ಹಂಗಾಮು, ಎರಡನೆಯದು 40 ತಾಸು. ನಡುವೆ ಬದಲಾಗಿದ್ದು ಒಂದೇ: ಶಾಫ್ಟ್ ಎರಡು ಭಾಗವಾಗಿ ಬಿಚ್ಚಿ ಮತ್ತೆ ಕೂಡಿಸಿದ್ದು. ಚೌಕ ಸರಳು ಚೌಕ ಪೈಪಿನೊಳಗೆ ನಾಲ್ಕು ರೀತಿ ಕೂರುತ್ತದೆ. ಎರಡು ಸರಿ, ಎರಡು ತಪ್ಪು. ನಿಂಬೆ ಆಕಾರದ ಪೈಪಾಗಿದ್ದರೆ ಈ ಅನುಮಾನವೇ ಬರುತ್ತಿರಲಿಲ್ಲ, ಅದು ತಪ್ಪಾಗಿ ಕೂರುವುದೇ ಇಲ್ಲ.

ಶಾಫ್ಟ್ ತೆಗೆದು ನೆಲದ ಮೇಲೆ ಮಲಗಿಸಿ. ಪೈಪಿಗೆ ಹತ್ತಿದ ಯೋಕ್ ಮತ್ತು ಸರಳಿಗೆ ಹತ್ತಿದ ಯೋಕ್, ಅಂದರೆ ಒಳಗಿನ ಎರಡು ಯೋಕ್, ಇವುಗಳ ಕಿವಿಗಳು ಒಂದೇ ಸಮದಲ್ಲಿರಬೇಕು. ಒಂದರ ಕಿವಿ ನೆಲಕ್ಕೆ ಮಲಗಿ ಇನ್ನೊಂದರದು ಆಕಾಶ ನೋಡುತ್ತಿದ್ದರೆ ಕಳ್ಳ ಸಿಕ್ಕಿಬಿದ್ದ.

ಯಾಕೆ ಇಷ್ಟು ಮುಖ್ಯ ಅಂದರೆ, ಕೋನದಲ್ಲಿ ತಿರುಗುವ ಕ್ರಾಸ್ ಸಮ ವೇಗ ಕೊಡುವುದಿಲ್ಲ. ಪ್ರತಿ ಸುತ್ತಿಗೆ ಎರಡು ಸಲ ಮುಂದೋಡಿ ಎರಡು ಸಲ ಹಿಂದೆ ಬೀಳುತ್ತದೆ. 20 ಡಿಗ್ರಿ ಕೋನದಲ್ಲಿ ಈ ಏರಿಳಿತ ಮೇಲಕ್ಕೂ ಕೆಳಕ್ಕೂ ಸುಮಾರು ಶೇ. 6. ಯೋಕ್‌ಗಳು ಸಮದಲ್ಲಿದ್ದು ಎರಡೂ ತುದಿಯ ಕೋನ ಒಂದೇ ಇದ್ದರೆ ಮೊದಲ ಕ್ರಾಸ್ ಮಾಡಿದ್ದನ್ನು ಎರಡನೆಯದು ಅಳಿಸಿ ಹಾಕುತ್ತದೆ, ರೊಟವೇಟರಿಗೆ ಸಮ ವೇಗ ಸಿಗುತ್ತದೆ. 90 ಡಿಗ್ರಿ ತಪ್ಪಿದರೆ ಅಳಿಸುವ ಬದಲು ಕೂಡಿಸುತ್ತದೆ. ಎರಡೂ ಕಡೆ 20 ಡಿಗ್ರಿ ಇದ್ದರೆ 540ರಲ್ಲಿ ತಿರುಗುವ ಗೂಟ ಗೇರ್‌ಬಾಕ್ಸನ್ನು 477 ಮತ್ತು 612ರ ನಡುವೆ ಜಗ್ಗಾಡುತ್ತದೆ, ನಿಮಿಷಕ್ಕೆ 1080 ಸಲ. ಅಷ್ಟು ಭಾರದ ರೋಟರ್ ಹಾಗೆ ಕುಣಿಯಲು ಒಪ್ಪುವುದಿಲ್ಲ. ಆ ಜಗ್ಗಾಟವೆಲ್ಲ ಸೂಜಿ ಬೇರಿಂಗ್ ಮೇಲೆ ಬೀಳುತ್ತದೆ. ಸೀಟಿಗೆ ಬರುವ ನಡುಕ ಅದೇ.

ಇನ್ನಷ್ಟು ಅಳತೆ ಕೊಡಿ: ಕೆಲಸದಲ್ಲಿದ್ದಾಗ ಮತ್ತು ಎತ್ತಿದಾಗ ಎರಡೂ ತುದಿಯ ಕೋನ (ಮೊಬೈಲಿನ ಲೆವೆಲ್ ಆ್ಯಪ್ ಸಾಕು, ಎಂಜಿನ್ ಬಂದ್ ಮಾಡಿ, ಎತ್ತಿದ ರೊಟವೇಟರಿನ ಕೆಳಗೆ ದಿಮ್ಮಿ ಕೊಟ್ಟ ಮೇಲೆಯೇ ಹತ್ತಿರ ಹೋಗಿ), ಯೋಕಿನ ತೂತಿನ ವ್ಯಾಸ ಎರಡು ದಿಕ್ಕಿನಲ್ಲಿ, ಸರಳು ಪೈಪಿನೊಳಗೆ ಎಷ್ಟು ಕೂತಿದೆ, ಶಾಫ್ಟ್ ಪೂರ್ತಿ ಚಿಕ್ಕದಾದಾಗ ಎಷ್ಟು ಸಂದು ಉಳಿಯುತ್ತದೆ.

ದಾಳಿಂಬಿ ಸಾಲು (ಕುಷ್ಟಗಿ)

ಕಳ್ಳ ಸಿಕ್ಕ. ಯೋಕ್‌ಗಳು ಅಡ್ಡ ತಿಡ್ಡ, ಸರಿಯಾಗಿ 90 ಡಿಗ್ರಿ.

ಪಿಟಿಒ ಬಂದ್ ಇದ್ದಾಗ ನಾಲ್ಕು ಗಾಲಿ ಹಾಕಿದರೂ ತೆಗೆದರೂ ಸದ್ದಿಲ್ಲ. ಗೂಟದ ಹಲ್ಲಿನ ಮೇಲೆ ಉಗುರು ಎಳೆದರೆ ಮೆಟ್ಟಿಲು ಸಿಗುವುದಿಲ್ಲ. ಗೇರ್‌ಬಾಕ್ಸಿನ ಮೂತಿ ಗಟ್ಟಿ.

ಕೋನ: ಕೆಲಸದಲ್ಲಿ ಟ್ರ್ಯಾಕ್ಟರ್ ಕಡೆ 12, ಗೇರ್‌ಬಾಕ್ಸ್ ಕಡೆ 19. ಪೂರ್ತಿ ಎತ್ತಿದರೆ ಟ್ರ್ಯಾಕ್ಟರ್ ಕಡೆ 36.
ಪೈಪಿಗೆ ಹತ್ತಿದ ಯೋಕ್, ಟ್ರ್ಯಾಕ್ಟರ್ ಕಡೆಯದು: ಒಂದು ಕಿವಿ 23.80, ಸರಿ. ಇನ್ನೊಂದು ಕಿವಿ ಒಂದು ದಿಕ್ಕಿಗೆ 23.82, ಅದಕ್ಕೆ ಅಡ್ಡ 24.05. ಆ ಕಿವಿಗೆ ಹೊಸ ಕಪ್ಪು ಬೆರಳಲ್ಲೇ ಒಳಗೆ ಹೋಗ್ತದೆ.
ಪೈಪು, ಸರಳು ಎರಡೂ 300 ಮಿ.ಮೀ. ಶಾಫ್ಟ್ ಅತಿ ಉದ್ದ ಆದಾಗ ಒಳಗೆ 190 ಕೂತಿರ್ತದೆ. ಅತಿ ಚಿಕ್ಕದಾದಾಗ 6 ಮಿ.ಮೀ. ಸಂದು.

ಲೇತ್ ಅಂಗಡಿಯಲ್ಲಿ ಆ ಕಿವಿಯೊಳಗೆ ಪಂಚ್ ಹೊಡೆದು ಬಿಗಿ ಮಾಡಿಕೊಡ್ತೀವಿ ಅಂತಾರೆ. ಮಾಡಿಸಲಾ?

ತುಂಗಾ ದಂಡೆ (ಸಿರುಗುಪ್ಪ)

ಪಂಚ್ ಬೇಡ. ಪಂಚಿನ ಗುಳಿಯ ಅಂಚು ಎದ್ದು ಕಪ್ಪನ್ನು ನಾಲ್ಕು ಚುಕ್ಕಿ ಮೇಲೆ ಹಿಡಿದಿರುತ್ತದೆ. ಆ ಚುಕ್ಕಿಗಳು ಚಪ್ಪಟೆ ಆಗಲು ಒಂದು ತೋಟದ ಕೆಲಸ ಸಾಕು. ವೆಲ್ಡಿಂಗ್ ತುಂಬಿ ಮತ್ತೆ ಬೋರ್ ಮಾಡುವುದೂ ಇದೆ. ಎರಡೂ ಕಿವಿ ಒಂದೇ ಗೆರೆಯಲ್ಲಿ ಬೋರ್ ಆಗದಿದ್ದರೆ ಹೊಸ ಕ್ರಾಸಿನ ಕಾಲು ತುದಿಯಲ್ಲೇ ಸವೆಯುತ್ತದೆ. ವ್ಯತ್ಯಾಸ 0.1 ಮಿ.ಮೀ. ದಾಟಿದ ಯೋಕನ್ನು ಉಳಿಸಲು ಹೋಗಬಾರದು, ನಿಮ್ಮದು 0.23. ಯೋಕ್ ಪೈಪಿಗೆ ಸ್ಪ್ರಿಂಗ್ ಪಿನ್ನಿಂದ ಹತ್ತಿದ್ದರೆ ಪಿನ್ ಬಡಿದು ಯೋಕ್ ಒಂದನ್ನೇ ಬದಲಿಸಿ, ಪಿನ್ನೂ ಹೊಸದು ಹಾಕಿ. ವೆಲ್ಡ್ ಆಗಿದ್ದರೆ ಪೈಪಿನ ಅರ್ಧ ಶಾಫ್ಟ್ ತರಿಸಿ. ಇಡೀ ಶಾಫ್ಟ್ ಬೇಕಾಗಿಲ್ಲ. ಗಂಗಾವತಿ, ಸಿಂಧನೂರಿನ ಸ್ಪೇರ್ ಅಂಗಡಿಗೆ ಹೋಗುವಾಗ ಹಳೇ ಯೋಕ್ ಮತ್ತು ಹಳೇ ಕ್ರಾಸ್ ಎರಡೂ ಒಯ್ಯಿರಿ. 22 × 54, 27 × 74.6 ಇವೂ ಓಡುವ ಅಳತೆಗಳೇ. ‘ಮಿನಿ ಟ್ರ್ಯಾಕ್ಟರ್ ಕ್ರಾಸ್’ ಅಂತ ಬಾಯಲ್ಲಿ ಹೇಳಿದರೆ ಯಾವುದು ಕೈಗೆ ಬಂದೀತು ಹೇಳಲಾಗದು.

ಈಗ ಕೋನ. ಯೋಕ್ ಸಮ ಮಾಡಿದ ಮೇಲೂ 12 ಮತ್ತು 19 ಒಂದನ್ನೊಂದು ಪೂರ್ತಿ ಅಳಿಸುವುದಿಲ್ಲ. ಲೆಕ್ಕ ವರ್ಗದಲ್ಲಿ ನಡೆಯುತ್ತದೆ: 361ರಲ್ಲಿ 144 ಕಳೆದರೆ 217, ಅದರ ವರ್ಗಮೂಲ 14.7. ಅಂದರೆ 14.7 ಡಿಗ್ರಿಯಲ್ಲಿ ಒಂದೇ ಕ್ರಾಸ್ ತಿರುಗಿದಷ್ಟು ನಡುಕ ಉಳಿಯುತ್ತದೆ. (ಇಷ್ಟು ದಿನ ಅವು ಕೂಡುತ್ತಿದ್ದವು, 22.5.) ಗೇರ್‌ಬಾಕ್ಸ್ 7 ಡಿಗ್ರಿ ಮೂತಿ ಬಗ್ಗಿಸಿದೆ, ಟಾಪ್ ಲಿಂಕ್ (ರೊಟವೇಟರನ್ನು ಮೇಲುಗಡೆ ಟ್ರ್ಯಾಕ್ಟರಿಗೆ ಜೋಡಿಸುವ ಸರಳು) ಗಿಡ್ಡವಾಗಿದೆ. ರೊಟವೇಟರಿನ ಕೆಳಗಿನ ಪಿನ್ನಿಂದ ಟಾಪ್ ಲಿಂಕ್ ಪಿನ್ನಿಗೆ 460 ಮಿ.ಮೀ. ಇದ್ದರೆ ಟಾಪ್ ಲಿಂಕನ್ನು ಸುಮಾರು 56 ಮಿ.ಮೀ. ಉದ್ದ ಮಾಡಿದರೆ ಮೂತಿ ಗೂಟಕ್ಕೆ ಸಮಾಂತರ ಬರುತ್ತದೆ. ಸಾಮಾನ್ಯವಾಗಿ ಟಾಪ್ ಲಿಂಕ್ ಗಿಡ್ಡ ಮಾಡಿಟ್ಟಿರುವುದು ಆಳ ಸಿಗಲಿ ಅಂತ. ಆಳವನ್ನು ಪಕ್ಕದ ಸ್ಕಿಡ್ (ನೆಲದ ಮೇಲೆ ಜಾರುವ ಪಟ್ಟಿ) ಎತ್ತಿ ಇಳಿಸಿ ಹೊಂದಿಸಿ, ಟಾಪ್ ಲಿಂಕಿನಿಂದಲ್ಲ.

6 ಮಿ.ಮೀ. ಸಂದು ತೀರಾ ಕಡಿಮೆ. ಗೇರ್‌ಬಾಕ್ಸಿನ ಮೂತಿ ಗೂಟದ ಎತ್ತರಕ್ಕೆ ಬಂದಾಗ ಶಾಫ್ಟ್ ಅತಿ ಚಿಕ್ಕದಾಗುತ್ತದೆ. ಆ ಹೊತ್ತಿಗೆ ಒಂದು ದಿಬ್ಬ ಸಿಕ್ಕಿ ರೊಟವೇಟರ್ ಜಿಗಿದರೆ ಸರಳು ತಳ ಮುಟ್ಟಿ ಕ್ರಾಸನ್ನೂ ಪಿಟಿಒ ಬೇರಿಂಗನ್ನೂ ಉದ್ದಕ್ಕೆ ಗುದ್ದುತ್ತದೆ. ಸರಳಿನ ತುದಿ ಹೊಳೆಯುತ್ತಿದ್ದರೆ ಗುದ್ದಿಯಾಗಿದೆ. 25 ಮಿ.ಮೀ. ಆದರೂ ಬೇಕು. ಪೈಪಿನಲ್ಲಿ 20, ಸರಳಿನಲ್ಲಿ 20, ಸಮ ಕತ್ತರಿಸಿ. ಸಂದು 26 ಆಗುತ್ತದೆ. ಅತಿ ಉದ್ದದಲ್ಲಿ ಒಳಗೆ ಕೂರುವುದು 190ರಿಂದ 150ಕ್ಕೆ ಇಳಿಯುತ್ತದೆ, ಯಾಕಂದರೆ ಎರಡೂ ಕಡೆ ಕಡಿದಿದ್ದೀರಿ. ಮೂರರಲ್ಲೊಂದು ಭಾಗ ಕೂತಿರಬೇಕೆಂಬ ಲೆಕ್ಕಕ್ಕೆ 93 ಸಾಕು, ಧಾರಾಳ ಇದೆ. ಗಾರ್ಡಿನ ಎರಡೂ ಕೊಳವೆಯನ್ನೂ ಅಷ್ಟೇ ಕತ್ತರಿಸಿ. ಕತ್ತರಿಸಿದ ಅಂಚನ್ನು ಅರದಿಂದ ಒಳಗೂ ಹೊರಗೂ ಉಜ್ಜಿ. ಪೈಪಿನೊಳಗೆ ಉಳಿದ ಒಂದು ಕಬ್ಬಿಣದ ಚೂರು ಸಾಕು, ಜಾರುವುದು ನಿಂತು ಎಲ್ಲ ಒತ್ತಡ ಮತ್ತೆ ಕ್ರಾಸಿಗೇ.

ಎರಿ ಹೊಲ (ಸಿಂಧನೂರು)

ಹಾಕುವ ಕ್ರಮದ ಬಗ್ಗೆ ನನ್ನದು. ಬಹಳಷ್ಟು ಹೊಸ ಕ್ರಾಸ್ ಸಾಯುವುದು ಹೊಲದಲ್ಲಲ್ಲ, ವೈಸಿನ ಮೇಲೆ.

ಬಿಚ್ಚುವ ಮುಂಚೆ ಪೈಪು ಮತ್ತು ಸರಳಿನ ಮೇಲೆ ಬಣ್ಣದಲ್ಲಿ ಒಂದೇ ಗೆರೆ ಎಳೆಯಿರಿ, ಯೋಕ್ ಸಮ ಇರುವ ಸ್ಥಿತಿಯಲ್ಲಿ. ಮುಂದೆ ಯಾರು ಬಿಚ್ಚಿದರೂ ಗೆರೆಗೆ ಗೆರೆ ಕೂಡಿಸಲಿ. ಸರ್ಕ್ಲಿಪ್ಪಿನ (ಕಪ್ಪು ಹೊರಬರದಂತೆ ತಡೆಯುವ ಬಳೆ) ತೋಡಿನಲ್ಲಿನ ಮಣ್ಣನ್ನು ಮೊಳೆಯಿಂದ ಕೆರೆದು, ಡೀಸೆಲ್ ಬಿಟ್ಟು, ಆಮೇಲೆ ಸರ್ಕ್ಲಿಪ್ ತೆಗೆಯಿರಿ. ವೈಸಿನ ಒಂದು ದವಡೆಗೆ ಕಪ್ಪಿಗಿಂತ ಸಣ್ಣ ಸಾಕೆಟ್, ಇನ್ನೊಂದಕ್ಕೆ ಕಪ್ಪು ಒಳಗೆ ಹೋಗುವಷ್ಟು ದೊಡ್ಡ ಸಾಕೆಟ್. ಬಿಗಿ ಮಾಡುತ್ತ ಹೋದರೆ ಎದುರಿನ ಕಪ್ಪು ದೊಡ್ಡ ಸಾಕೆಟ್ಟಿನೊಳಗೆ ಬರುತ್ತದೆ. ಯೋಕಿನ ಕಿವಿಗೆ ಸುತ್ತಿಗೆ ಏಟು ಹಾಕಿದರೆ ಕಿವಿ ಒಳಗೆ ಬಾಗುತ್ತದೆ. ಕಣ್ಣಿಗೆ ಕಾಣಿಸುವುದಿಲ್ಲ, ಆದರೆ ಹೊಸ ಕ್ರಾಸ್ ಬಿಗಿದು ನಿಲ್ಲುತ್ತದೆ.

ಹೊಸ ಕಪ್ಪನ್ನು ಪೆಟ್ಟಿಗೆಯಿಂದ ತೆಗೆದ ಕೂಡಲೇ ಬಾಯಿ ಮೇಲೆ ಮಾಡಿ ನೋಡಿ. ಸೂಜಿಗಳು ಗೋಡೆಗೆ ಒತ್ತೊತ್ತಾಗಿ ನಿಂತಿರಬೇಕು, ಗ್ರೀಸೇ ಅವನ್ನು ಹಿಡಿದಿರುವುದು. ತೆಳ್ಳಗಿದ್ದರೆ ಇನ್ನಷ್ಟು ಹಚ್ಚಿ. ಮೊದಲ ಕಪ್ಪನ್ನು ಅರ್ಧ ಒತ್ತಿ, ಕ್ರಾಸಿನ ಕಾಲನ್ನು ಅದರೊಳಗೆ ನೇರವಾಗಿ ತಂದು, ಎದುರಿನ ಕಪ್ಪು ಇಟ್ಟು, ಎರಡನ್ನೂ ಒಟ್ಟಿಗೆ ಒತ್ತುತ್ತ ಹೋಗಿ. ನಡುನಡುವೆ ಕ್ರಾಸನ್ನು ಕೈಯಿಂದ ಆ ಕಡೆ ಈ ಕಡೆ ತಳ್ಳಿ ನೋಡಿ. ಕಪ್ಪು ಇನ್ನೊಂದೆರಡು ಮಿ.ಮೀ. ಇರುವಾಗಲೇ ಗಟ್ಟಿಯಾಗಿ ನಿಂತು ಸರ್ಕ್ಲಿಪ್ ತೋಡು ಕಾಣದಿದ್ದರೆ ಒಂದು ಸೂಜಿ ತಳಕ್ಕೆ ಬಿದ್ದು ಅಡ್ಡ ಮಲಗಿದೆ. ಒತ್ತಬೇಡಿ, ಸುತ್ತಿಗೆಯಂತೂ ಬೇಡವೇ ಬೇಡ, ಕಪ್ಪು ಒಡೆಯುತ್ತದೆ. ಬಿಚ್ಚಿ, ಸೂಜಿ ನಿಲ್ಲಿಸಿ, ಮತ್ತೆ. ಒಂದು ಸೂಜಿ ಕಡಿಮೆ ಇದ್ದರೂ ಉಳಿದವು ಓರೆಯಾಗಿ ತಿರುಗಿ ಕಾಲು ಕೆರೆಯುತ್ತವೆ.

ನಿಪ್ಪಲ್ ಪೈಪಿನ ಕಡೆ ಮುಖ ಮಾಡಿರಲಿ, ಗ್ರೀಸ್ ಗನ್ ಹತ್ತುವಂತೆ. ಟ್ರ್ಯಾಕ್ಟರ್ ಕಡೆಯ ಕ್ರಾಸೇ ಮೊದಲು ಹೋಗಿದ್ದಕ್ಕೆ ಅಂಡಾಕಾರದ ಕಿವಿ, ಎತ್ತಿದಾಗಿನ 36 ಡಿಗ್ರಿ ಜೊತೆಗೆ ಇದೂ ಒಂದು ಕಾರಣ ಇದ್ದೀತು. ನಿಪ್ಪಲ್ ಗೂಟದ ಕಡೆ ತಿರುಗಿದ್ದರೆ ಗನ್ ಹೋಗುವುದಿಲ್ಲ, ಎರಡು ಪಂಪು ಹೊರಗೆ ಚೆಲ್ಲಿ ‘ಆಯ್ತು’ ಅಂತ ಏಳುತ್ತಾರೆ.

ನಾಲ್ಕೂ ಸರ್ಕ್ಲಿಪ್ ತೋಡಿನಲ್ಲಿ ಪೂರ್ತಿ ಕೂತು ಬೆರಳಿಗೆ ತಿರುಗಬೇಕು. ಕೊನೆಗೆ ಮರದ ಇಲ್ಲವೇ ನೈಲಾನ್ ಸುತ್ತಿಗೆಯಿಂದ ಯೋಕಿನ ಬುಡಕ್ಕೆ ಒಂದೊಂದು ಹಗುರ ಏಟು. ಕಪ್ಪುಗಳು ಹೊರಕ್ಕೆ ಸರಿದು ಸರ್ಕ್ಲಿಪ್ಪಿಗೆ ಕೂರುತ್ತವೆ, ಬಿಗಿ ಬಿಡುತ್ತದೆ. ಜಾಯಿಂಟ್ ಕೈಯಲ್ಲಿ ಮೆಲ್ಲಗೆ ಬಾಗಬೇಕು. ತಾನೇ ಜೋಲಿ ಬಿದ್ದರೆ ಲೂಸ್, ಎರಡು ಕೈ ಬಲ ಬೇಕಾದರೆ ಬಿಗಿ. ಎರಡೂ ತಪ್ಪೇ.

ಗ್ರೀಸ್ ಇಪಿ-2 (ಹೆಚ್ಚು ಒತ್ತಡ ತಡೆಯುವ ನಮೂನೆ). ನಿಪ್ಪಲ್ ಒರೆಸಿ ಹಾಕಿ, ಮಸಾರಿ ಧೂಳು ಗ್ರೀಸಿನ ಜೊತೆ ಒಳಗೆ ಹೋದರೆ ಅರದ ಪುಡಿ ತುಂಬಿದಂತೆ. ನಾಲ್ಕೂ ಸೀಲಿನಿಂದ ಹೊಸ ಗ್ರೀಸ್ ಇಣುಕುವವರೆಗೆ ಒತ್ತಬೇಕು. ಮೂರರಲ್ಲಿ ಬಂದು ಒಂದರಲ್ಲಿ ಬರದಿದ್ದರೆ ಆ ಕಪ್ಪೇ ಮುಂದೆ ಕೆಂಪು ಧೂಳು ಉಗುಳುವುದು. ಜಾಯಿಂಟನ್ನು ಆ ಕಡೆ ಈ ಕಡೆ ಬಾಗಿಸಿ ಮತ್ತೆ ಒತ್ತಿ ನೋಡಿ.

ಕೆಸರು ಗಾಲಿ (ಮಾನ್ವಿ)

ಇನ್ನೊಂದೆರಡು. ಶಾಫ್ಟಿನ ಷಿಯರ್ ಬೋಲ್ಟ್ (ಏಟು ಬಿದ್ರ ತಾನ ಮೊದಲು ಮುರಿಯೋ ಬೋಲ್ಟ್) ತೆಗೆದು ತಲಿ ಮ್ಯಾಲಿನ ಗಟ್ಟಿತನದ ಅಂಕಿ ಓದ್ರಿ. ಕಂಪನಿ 8.8 ಕೊಟ್ಟಿದ್ರ 8.8 ಇರಬೇಕು. ಪದೇ ಪದೇ ಮುರೀತದ ಅಂತ 12.9 ಹಾಕಿರ್ತಾರ. ಅದು ಮುರಿಯೂದಿಲ್ಲ ಖರೆ, ಆದ್ರ ಕಲ್ಲಿಗೆ ಬಡಿದಾಗ ಬೋಲ್ಟಿನ ಬದಲಿ ಕ್ರಾಸ್ ಮುರೀತದ.

ದಾಳಿಂಬಿ ತೋಟ ಅಂದ್ರ ಡ್ರಿಪ್ ಪೈಪ್ ಇದ್ದ ಇರ್ತದ. 16 ಮಿ.ಮೀ. ಲ್ಯಾಟರಲ್ ರೋಟರಿಗೆ ಸುತ್ತಿಕೊಂಡ್ರ ಒಳಗ ಹಗ್ಗದಂಗ ಬಿಗಿದು ರೋಟರಿನ ಕೊನೀ ಬೇರಿಂಗ್ ಸೀಲ್ ತಿಂತದ, ಶಾಫ್ಟಿಗೆ ದಿಢೀರ್ ಏಟು ಬೀಳ್ತದ. ರೊಟವೇಟರ್ ಹೊಡೆಯೋ ಮುಂಚೆ ಲ್ಯಾಟರಲ್ ಗಿಡದ ಬುಡಕ್ಕ ಎಳೆದು ಹಾಕ್ರಿ. ಬ್ಲೇಡ್ ಒಂದು ಕಡಿ ಮುರಿದು ಬಿದ್ದಿದ್ರೂ ನಡುಕ ಬರ್ತದ, ಎಣಿಸಿ ನೋಡ್ರಿ.

ಸಾಲು ಕೊನೀಗೆ 36 ಡಿಗ್ರಿಗೆ ಎತ್ತಿ ಪಿಟಿಒ ಓಡಿಸೋದು ಬಿಡ್ರಿ. 25 ದಾಟಿದ್ರ ಪಿಟಿಒ ಬಂದ್. ಇಲ್ಲಂದ್ರ ಲಿಫ್ಟ್ ಲಿವರಿನ ತೋಡಿನೊಳಗಿನ ತಡೆ ನಟ್ ಅಷ್ಟಕ್ಕ ಕೂಡಿಸ್ರಿ, ಬ್ಲೇಡ್ ನೆಲ ಬಿಟ್ಟು ಒಂದು ಗೇಣು ಎದ್ರ ತಿರುಗಿಸ್ಲಿಕ್ಕ ಸಾಕು.

ದಾಳಿಂಬಿ ಸಾಲು (ಕುಷ್ಟಗಿ)

ಬೋಲ್ಟ್ ತಲೆ ಮೇಲೆ 12.9 ಅಂತಲೇ ಇದೆ. ಯೋಕ್ ಪಿನ್ನಿನದು, ಒಂದೇ ಬದಲಿಸಬಹುದು. ಗಾರ್ಡ್ ಒಂದು ಕಡೆ ಸೀಳಿದೆ, ಈ ಸಲ ಅದನ್ನು ತೆಗೆದೇ ಓಡಿಸಬಹುದಾ? ಗ್ರೀಸ್ ಹಾಕಲೂ ಸುಲಭ.

ತುಂಗಾ ದಂಡೆ (ಸಿರುಗುಪ್ಪ)

ಬೇಡ. 540 ಅಂದರೆ ಸೆಕೆಂಡಿಗೆ 9 ಸುತ್ತು. ಹೆಗಲ ಮೇಲಿನ ಟವೆಲ್ಲಿನ ತುದಿ ತಾಗಿದರೆ ಕೈ ಬಿಡಿಸಿಕೊಳ್ಳುವಷ್ಟು ಹೊತ್ತೂ ಸಿಗುವುದಿಲ್ಲ. ಗಾರ್ಡ್ ಬಿಡಿಯಾಗಿ ಸಿಗುತ್ತದೆ, ಎರಡೂ ಕೊಳವೆ ಮತ್ತು ಒಳಗಿನ ನೈಲಾನ್ ರಿಂಗ್ ಸೇರಿ. ಶಾಫ್ಟ್ ಹೇಗೂ ಕತ್ತರಿಸುತ್ತಿದ್ದೀರಿ, ಹೊಸ ಗಾರ್ಡನ್ನೂ ಆ ಅಳತೆಗೇ ಕತ್ತರಿಸಿ ಹಾಕಿ. ಅದರ ಸರಪಳಿ ಎರಡನ್ನೂ ಕಟ್ಟಿ: ಒಂದು ಟ್ರ್ಯಾಕ್ಟರಿಗೆ, ಒಂದು ರೊಟವೇಟರಿಗೆ. ಎತ್ತಿದಾಗ ಜಗ್ಗದಷ್ಟು ಸಡಿಲ ಇರಲಿ, ಲಿಫ್ಟ್ ತೋಳಿಗೆ ಮಾತ್ರ ಸಿಗಿಸಬೇಡಿ. ಸರಪಳಿ ಇಲ್ಲದ ಗಾರ್ಡ್ ಶಾಫ್ಟಿನ ಜೊತೆ ತಾನೂ ತಿರುಗುತ್ತದೆ, ಬಹುಶಃ ನಿಮ್ಮದು ಸೀಳಿದ್ದು ಹಾಗೆಯೇ. ನೈಲಾನ್ ರಿಂಗಿಗೂ 8 ತಾಸಿಗೊಮ್ಮೆ ಗ್ರೀಸ್.

ಮೊದಲ ಅರ್ಧ ತಾಸು ಓಡಿಸಿ ಎಂಜಿನ್ ಬಂದ್ ಮಾಡಿ ಎಂಟೂ ಕಪ್ಪು ಮುಟ್ಟಿ ನೋಡಿ. ಎಲ್ಲವೂ ಒಂದೇ ಬೆಚ್ಚಗಿದ್ದರೆ ಸರಿ. ಒಂದು ಮಾತ್ರ ಕೈ ಇಡಲಾಗದಷ್ಟು ಕಾದಿದ್ದರೆ ಅದರ ಸರ್ಕ್ಲಿಪ್ ತೆಗೆದು ಮತ್ತೆ ಸೂಜಿ ನೋಡಬೇಕು.